ಸೀಟಿನ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಯಾರು?

ಮಾರ್ಚ್ 1 ಬಂತೆಂದರೆ ಇಂಗ್ಲೆಂಡಿನಲ್ಲಿ ಹತ್ತು-ಹನ್ನೊಂದು ವರ್ಷದ ಮಕ್ಕಳಿರುವ ಮನೆಗಳಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಕಾತರ. ಪ್ರೈಮರಿ ಮುಗಿಸಿ ಸೆಪ್ಟೆಂಬರಿನಲ್ಲಿ ಸೆಕೆಂಡರಿಗೆ ಕಾಲಿಡುವ ಮಗುವಿಗೆ ಯಾವ ಸರ್ಕಾರಿ ಶಾಲೆ ಸಿಕ್ಕಿತೆಂಬುದು ಅಂದು ಎಲ್ಲರಿಗೂ ಒಟ್ಟಿಗೆ ತಿಳಿಯುತ್ತದೆ. ತಿಳಿಸುವುದು ಶಾಲೆಯಲ್ಲ, ಸ್ಥಳೀಯ ಕೌನ್ಸಿಲ್. ಹಿಂದಿನ ಅಕ್ಟೋಬರ್ 31ರೊಳಗೆ ಪೋಷಕರು ಒಂದೇ ಅರ್ಜಿ ಹಾಕಿರುತ್ತಾರೆ. ಅದರಲ್ಲಿ ಕನಿಷ್ಠ ಮೂರು ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು, ಲಂಡನ್ನಿನಲ್ಲಾದರೆ ಆರು.

ಸಾಫ್ಟ್‌ವೇರ್ ಕೆಲಸಕ್ಕೋ ಆಸ್ಪತ್ರೆಯ ಕೆಲಸಕ್ಕೋ ಅಲ್ಲಿಗೆ ಹೋದ ಕನ್ನಡಿಗರಿಗೂ ಈ ಅರ್ಜಿ ತಪ್ಪಿದ್ದಲ್ಲ. ಇಲ್ಲಿ ಡೊನೇಷನ್, ಶಿಫಾರಸು, ಅಪ್ಪ-ಅಮ್ಮನ ಸಂದರ್ಶನ ಎಲ್ಲವನ್ನೂ ಕಂಡವರಿಗೆ ಅಲ್ಲಿನ ಪದ್ಧತಿ ಬೇರೆಯೇ ಲೋಕ. ಸೀಟಿಗಾಗಿ ದೇಣಿಗೆ ಕೇಳುವುದನ್ನೂ ಪೋಷಕರನ್ನು ಸಂದರ್ಶಿಸಿ ಆರಿಸುವುದನ್ನೂ ಅಲ್ಲಿನ ಶಾಲಾ ಪ್ರವೇಶ ಸಂಹಿತೆ ನಿಷೇಧಿಸಿದೆ. ಅರ್ಜಿಗಳು ಸೀಟಿಗಿಂತ ಹೆಚ್ಚಾದರೆ ಯಾರಿಗೆ ಮೊದಲು, ಯಾರಿಗೆ ನಂತರ ಎಂಬ ನಿಯಮವನ್ನು ಪ್ರತಿ ಶಾಲೆಯೂ ಮೊದಲೇ ಪ್ರಕಟಿಸಬೇಕು.

ನಿಜ ಬರೆದವರಿಗೆ ನಷ್ಟವಿಲ್ಲ

ಒಂದು ಕಾಲದಲ್ಲಿ ಈ ಅರ್ಜಿ ತುಂಬುವುದೇ ಜೂಜಾಗಿತ್ತು. ತಮ್ಮನ್ನು ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲ ಮಣೆ ಎಂಬ ಪದ್ಧತಿ ಹಲವು ಶಾಲೆಗಳಲ್ಲಿತ್ತು. ಬೇಡಿಕೆಯ ಶಾಲೆಯನ್ನು ಮೊದಲು ಬರೆದು ಅದು ತಪ್ಪಿತೆಂದರೆ, ಎರಡನೆಯ ಶಾಲೆ ಅಷ್ಟರಲ್ಲಿ ಭರ್ತಿಯಾಗಿರುತ್ತಿತ್ತು. ಹಾಗಾಗಿ ಪೋಷಕರು ಮನಸ್ಸಿನಲ್ಲಿದ್ದದ್ದನ್ನು ಬಿಟ್ಟು, ಸಿಗಬಹುದಾದದ್ದನ್ನು ಬರೆಯುತ್ತಿದ್ದರು. ಲೆಕ್ಕಾಚಾರ ಬಲ್ಲವರು ಗೆದ್ದರು, ನಂಬಿಕೆಯಿಂದ ನಿಜ ಬರೆದವರು ಸೋತರು.

2007ರ ಸಂಹಿತೆ ಇದನ್ನು ನಿಲ್ಲಿಸಿತು. ಈಗ ನೀವು ಶಾಲೆಯನ್ನು ಎಷ್ಟನೆಯದಾಗಿ ಬರೆದಿರಿ ಎಂಬುದನ್ನು ಆ ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಅದು ತನ್ನ ನಿಯಮದಂತೆ ಎಲ್ಲ ಅರ್ಜಿದಾರರನ್ನೂ ಸಾಲಾಗಿ ನಿಲ್ಲಿಸುತ್ತದೆ. ಒಂದು ಮಗುವಿಗೆ ಎರಡು-ಮೂರು ಶಾಲೆಗಳಲ್ಲಿ ಜಾಗವಾದರೆ, ಪೋಷಕರ ಪಟ್ಟಿಯಲ್ಲಿ ಮೇಲಿರುವುದನ್ನು ಉಳಿಸಿಕೊಂಡು ಮಿಕ್ಕವನ್ನು ಕೌನ್ಸಿಲ್ ಮುಂದಿನ ಮಕ್ಕಳಿಗೆ ಬಿಟ್ಟುಕೊಡುತ್ತದೆ. ಎಲ್ಲೂ ಸಿಗದ ಮಗುವಿಗೆ ಖಾಲಿ ಇರುವ ಬೇರೊಂದು ಶಾಲೆಯನ್ನು ಕೊಡುತ್ತದೆ. ಇದಕ್ಕೆ ಹತ್ತಿರದ ತರ್ಕವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲೇ ಬಿಡಿಸಿ ತೋರಿಸಿದ್ದರು. ಶಾಪ್ಲಿಗೆ 2012ರಲ್ಲಿ ಆಲ್ವಿನ್ ರಾತ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮೂರೇ ಹೆಸರು ಬರೆಯಬಹುದಾದ ಕಡೆ ಒಂದಾದರೂ ಖಚಿತವಾಗಿ ಸಿಗುವ ಶಾಲೆ ಪಟ್ಟಿಯಲ್ಲಿರಬೇಕು, ಅಷ್ಟು ಎಚ್ಚರ ಈಗಲೂ ಬೇಕು. ಆದರೆ ಇಷ್ಟದ ಶಾಲೆಯನ್ನು ಮೊದಲು ಬರೆದದ್ದಕ್ಕೆ ಶಿಕ್ಷೆಯಿಲ್ಲ. ಇಂಗ್ಲೆಂಡಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳಿಗೆ ಮೊದಲ ಆಯ್ಕೆಯ ಶಾಲೆಯೇ ಸಿಗುತ್ತಿದೆ, ಪೈಪೋಟಿ ಹೆಚ್ಚಿರುವ ಲಂಡನ್ನಿನಲ್ಲಿ ಸುಮಾರು 70 ಮಕ್ಕಳಿಗೆ. ಸಿಗದವರು ಸ್ವತಂತ್ರ ಸಮಿತಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದು.

ಮೊದಲ ಸ್ಥಾನ

ಈ ಪದ್ಧತಿಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಸಾಲಿನ ಆರಂಭ. ವಿಶೇಷ ಅಗತ್ಯಗಳಿರುವ ಮಗುವಿನ ಅಧಿಕೃತ ಯೋಜನೆಯಲ್ಲಿ ಒಂದು ಶಾಲೆಯ ಹೆಸರಿದ್ದರೆ ಆ ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು. ಆಮೇಲಿನ ಮೊದಲ ಆದ್ಯತೆ ಹೆತ್ತವರ ಆಸರೆ ತಪ್ಪಿ ಸ್ಥಳೀಯಾಡಳಿತದ ಆರೈಕೆಯಲ್ಲಿರುವ, ಅಥವಾ ಹಿಂದೆ ಇದ್ದು ದತ್ತು ಹೋದ ಮಕ್ಕಳಿಗೆ. ಪರೀಕ್ಷೆ ಇಟ್ಟು ಆರಿಸುವ ಗ್ರಾಮರ್ ಶಾಲೆಗಳಲ್ಲಿ, ಧಾರ್ಮಿಕ ಶಾಲೆಗಳಲ್ಲಿ ಇದರ ವಿವರ ಕೊಂಚ ಬೇರೆಯಾಗಬಹುದು. ತತ್ತ್ವ ಮಾತ್ರ ಸ್ಪಷ್ಟ: ಪರವಾಗಿ ಓಡಾಡುವವರು ಯಾರೂ ಇಲ್ಲದ ಮಗು ಎಲ್ಲರಿಗಿಂತ ಮುಂದೆ ನಿಲ್ಲಬೇಕು.

ಮನೆಯ ಬೆಲೆಯೇ ಫೀಸು

ಆಮೇಲೆ ಸಾಮಾನ್ಯವಾಗಿ ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವವರು, ಕೊನೆಗೆ ದೂರ. ಅನೇಕ ಕೌನ್ಸಿಲ್‌ಗಳು ಮನೆಯಿಂದ ಶಾಲೆಗೆ ನೇರ ಗೆರೆ ಎಳೆದು ಅಳೆಯುತ್ತವೆ. ಕೇಳುವುದಕ್ಕೆ ನ್ಯಾಯವೇ. ಆದರೆ ಒಳ್ಳೆಯ ಶಾಲೆಯ ಸುತ್ತ ಮನೆಯ ಬೆಲೆ, ಬಾಡಿಗೆ ಏರುತ್ತವೆ. ಶಾಲೆ ಉಚಿತ, ಅದರ ಪಕ್ಕದ ಬೀದಿ ದುಬಾರಿ. ಇದರಿಂದಾಗಿ ಸುಳ್ಳು ವಿಳಾಸಗಳೂ ಹುಟ್ಟಿಕೊಂಡವು. 2008ರಲ್ಲಿ ಪೂಲ್ ಎಂಬ ಊರಿನ ಕೌನ್ಸಿಲ್ ಒಂದು ಕುಟುಂಬ ನಿಜವಾಗಿ ಎಲ್ಲಿ ವಾಸವಿದೆಯೆಂದು ತಿಳಿಯಲು ಗುಟ್ಟಾಗಿ ಕಾವಲಿಟ್ಟಿತ್ತು. ಅದು ಕಾನೂನುಬಾಹಿರವೆಂದು 2010ರಲ್ಲಿ ನ್ಯಾಯಮಂಡಳಿ ಹೇಳಿತು.

ಬ್ರೈಟನ್ ನಗರ ಬೇರೆ ದಾರಿ ಹಿಡಿಯಿತು. 2008ರ ಪ್ರವೇಶದಿಂದ, ಒಂದೇ ಶಾಲಾ ವಲಯದ ಮಕ್ಕಳು ಸೀಟಿಗಿಂತ ಹೆಚ್ಚಾದರೆ ದೂರ ಅಳೆಯದೆ ಲಾಟರಿ ಎತ್ತತೊಡಗಿತು. ದೊಡ್ಡ ಗದ್ದಲವಾಯಿತು. ಆದರೂ ಲಾಟರಿ ನಡೆಯುವುದು ಮುಖ್ಯವಾಗಿ ವಲಯದ ಒಳಗೆ, ವಲಯದ ಗಡಿ ಎಲ್ಲಿ ಹಾದುಹೋಗುತ್ತದೆ ಎಂಬುದೇ ಬಹುಪಾಲನ್ನು ತೀರ್ಮಾನಿಸುತ್ತದೆ. ಮುಂದೆ ಅದೇ ನಗರ ಶಾಲೆಯಲ್ಲಿ ಉಚಿತ ಊಟಕ್ಕೆ ಅರ್ಹರಾದ ಬಡ ಮಕ್ಕಳಿಗೂ ಆದ್ಯತೆ ಕೊಟ್ಟಿತು.

ನಮ್ಮ ಸಾಲು

ಲಾಟರಿ ನಮಗೂ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ. ಕರ್ನಾಟಕದಲ್ಲಿ ಅದರ ಹಂಚಿಕೆ ಆನ್‌ಲೈನ್ ಲಾಟರಿಯಲ್ಲಿ ನಡೆಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟಿಲ್ಲ ಎಂದು 2019-20ರ ಸಾಲಿನಿಂದ ನಿಯಮ ಬದಲಾದ ಮೇಲೆ ಆ ಬಾಗಿಲು ಬಹುಪಾಲು ಮುಚ್ಚಿತು. ಡೊನೇಷನ್ನಿಗೂ ಪ್ರವೇಶದ ಸಂದರ್ಶನಕ್ಕೂ ಅದೇ ಕಾಯ್ದೆಯ 13ನೇ ಸೆಕ್ಷನ್ ಅಡ್ಡಿ ಹಾಕಿದೆ. ಹಾಗಿದ್ದೂ ಇವೆರಡನ್ನೂ ಅನುಭವಿಸದ ಪೋಷಕರು ನಮ್ಮ ನಗರಗಳಲ್ಲಿ ಅಪರೂಪ.

ಇಂಗ್ಲೆಂಡಿನದು ಪರಿಪೂರ್ಣ ವ್ಯವಸ್ಥೆಯಲ್ಲ. ಹಣವಂತರು ಅಲ್ಲಿಯೂ ಮನೆ ಕೊಂಡು ಮುಂದೆ ಬರುತ್ತಾರೆ. ಆದರೆ ನಿಯಮ ಬಹಿರಂಗವಾಗಿರುವುದರಿಂದ ಅನ್ಯಾಯ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದು, ಜಗಳವಾಡಬಹುದು, ಬದಲಿಸಬಹುದು. ನಮ್ಮಲ್ಲಿ ಒಳ್ಳೆಯ ಶಾಲೆಯ ಸೀಟು ಯಾಕೆ ಸಿಕ್ಕಿತು, ಯಾಕೆ ತಪ್ಪಿತು ಎಂಬುದೇ ಗುಟ್ಟು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಶಾಲೆಯೂ ತನ್ನ ಪ್ರವೇಶದ ಕ್ರಮವನ್ನು ಬರೆದು ಸಾರ್ವಜನಿಕರ ಮುಂದಿಡಬೇಕು, ಪ್ರಶ್ನಿಸಿದವರಿಗೆ ಉತ್ತರ ಕೊಡಬೇಕು. ಆ ಕ್ರಮದ ಮೊದಲ ಸಾಲಿನಲ್ಲಿ ಬಾಲಮಂದಿರದ ಮಗುವಿನ ಹೆಸರಿರಬೇಕು. ಇದಕ್ಕೆ ದೊಡ್ಡ ಹಣ ಬೇಡ. ಸೀಟು ಮಗುವಿನ ಹಕ್ಕೆಂದು ಒಪ್ಪುವ ಮನಸ್ಸು ಸರ್ಕಾರಕ್ಕೂ ಶಾಲೆಗಳಿಗೂ ನಮಗೂ ಬಂದರೆ ಸಾಕು.