ಪ್ರತಿಕಾಯದ ಸಾಕ್ಷ್ಯ

ಮನುಷ್ಯನ ಒಂದು ಜೀವಕೋಶದ ಡಿ.ಎನ್.ಎ. ಎಳೆಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ಒಂದನ್ನು ಸೇರಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಬರಿಗಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಇಷ್ಟು ನೂಲು ಸಿಕ್ಕಾಗದೆ ಅಡಗಿರುವುದು ಹಿಸ್ಟೋನುಗಳೆಂಬ ಪ್ರೋಟೀನುಗಳ ದೆಸೆಯಿಂದ. ಎಂಟು ಹಿಸ್ಟೋನುಗಳು ಸೇರಿ ಒಂದು ಉಂಡೆಯಾಗುತ್ತವೆ, ಡಿ.ಎನ್.ಎ. ಅದಕ್ಕೆ ಎರಡಕ್ಕೆ ತುಸು ಕಡಿಮೆ ಸುತ್ತು ಸುತ್ತಿಕೊಳ್ಳುತ್ತದೆ. ಎಚ್-1 ಎಂಬ ಮತ್ತೊಂದು ಹಿಸ್ಟೋನು ಆ ಸುತ್ತು ಬಿಚ್ಚದಂತೆ ಹೊರಗಿನಿಂದ ಒತ್ತಿ ಹಿಡಿಯುತ್ತದೆ. ಜರ್ಮನಿಯ ಆಲ್ಬ್ರೆಕ್ಟ್ ಕಾಸೆಲ್ 1884ರಲ್ಲಿ ಹೆಬ್ಬಾತಿನ ರಕ್ತಕಣಗಳಿಂದ ಹಿಸ್ಟೋನುಗಳನ್ನು ಬೇರ್ಪಡಿಸಿದರು. ಅದಕ್ಕೂ 10 ವರ್ಷ ಮೊದಲೇ ಬಾಸೆಲ್ ನಗರದ ಫ್ರೀಡ್ರಿಖ್ ಮೀಷರ್ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಪ್ರೋಟಮೀನನ್ನು ಕಂಡಿದ್ದರು. ವೀರ್ಯಾಣು ರೂಪುಗೊಳ್ಳುವಾಗ ಬಹುಪಾಲು ಹಿಸ್ಟೋನುಗಳು ಜಾಗ ಬಿಟ್ಟುಕೊಡುವುದು ಕಟ್ಟಕಡೆಗೆ ಈ ಪ್ರೋಟಮೀನಿಗೇ.

ಆ ಸ್ಥಾನಪಲ್ಲಟಕ್ಕೆ ಮುನ್ನ ವೃಷಣದ ಕೋಶಗಳು ತಮಗೇ ಮೀಸಲಾದ ಕೆಲವು ಹಿಸ್ಟೋನುಗಳನ್ನು ತಯಾರಿಸಿಕೊಳ್ಳುತ್ತವೆ. ಎಚ್-1-ಟಿ ಎಂಬುದು ಅಂಥದೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅನಂತರ ಜವಾಹರಲಾಲ್ ನೆಹರು ಕೇಂದ್ರದಲ್ಲಿಯೂ ದುಡಿದು 2023ರಲ್ಲಿ ತೀರಿಕೊಂಡ ಪ್ರೊ. ಎಂ.ಆರ್.ಎಸ್. ರಾವ್ ಅವರು ಇವುಗಳ ಅಭ್ಯಾಸದಲ್ಲಿ ದಶಕಗಳನ್ನೇ ಕಳೆದವರು. ತನ್ನ ಸೋದರರಂತೆ ಎಚ್-1-ಟಿಯು ಡಿ.ಎನ್.ಎ.ಯನ್ನು ಬಿಗಿಯಾಗಿ ಅದುಮುವುದಿಲ್ಲವೆಂದು ಅವರ ಪ್ರಯೋಗಶಾಲೆಯೇ ತೋರಿಸಿತು.

ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಗೆ ಕೋಶವು ಅಣಿಯಾಗುವ ನಡುಘಟ್ಟದಲ್ಲಿ ಎಚ್-1-ಟಿ ಮೊದಲು ಕಾಣಿಸಿಕೊಳ್ಳುತ್ತದೆ. ಆದಕಾರಣ ಸಂತಾನಹೀನವಾದ ಇಲಿಯೊಂದರಲ್ಲಿ ವೀರ್ಯಾಣುವಿನ ಬೆಳವಣಿಗೆ ಎಲ್ಲಿ ನಿಂತುಹೋಯಿತೆಂಬುದಕ್ಕೆ ಇದು ಮೈಲಿಗಲ್ಲು. ಈ ಗುರುತು ಸುಳ್ಳಾದರೆ ದೋಷದ ಸ್ಥಾನವನ್ನೇ ತಪ್ಪಾಗಿ ಓದಿದಂತಾಗುತ್ತದೆ. ತೊಡಕೆಂದರೆ ಹಿಸ್ಟೋನುಗಳೆಲ್ಲ ಒಂದೇ ಮನೆತನದವು. ಓಲೆಯ ಪ್ರತಿಗಳನ್ನು ಕೂಡಿಸಿ ನೋಡಿದವರಿಗೆ ಈ ಇಕ್ಕಟ್ಟು ಹೊಸದಲ್ಲ: ಬಹುತೇಕ ಒಂದೇ ಪಾಠವಿರುವ ಎರಡು ಪ್ರತಿಗಳ ಕವಲು ತಿಳಿಯುವುದು ಅವು ಭಿನ್ನವಾಗುವ ಕೆಲವೇ ಅಕ್ಷರಗಳಿಂದ.

ವಿಜ್ಞಾನಿಗಳೂ ಆ ಭಿನ್ನವಾದ ತುಣುಕನ್ನೇ ಆರಿಸುತ್ತಾರೆ. ಹತ್ತಿಪ್ಪತ್ತು ಅಮೈನೊ ಆಮ್ಲಗಳ ಆ ತುಣುಕನ್ನು, ಅಂದರೆ ಪೆಪ್ಟೈಡನ್ನು, ಕೃತಕವಾಗಿ ಕಟ್ಟುತ್ತಾರೆ. ಅಷ್ಟು ಚಿಕ್ಕ ವಸ್ತುವನ್ನು ದೇಹ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿರಳ. ಆದ್ದರಿಂದ ದೊಡ್ಡ ಪ್ರೋಟೀನೊಂದಕ್ಕೆ ಅದನ್ನು ಅಂಟಿಸಿ ಮೊಲಕ್ಕೆ ಚುಚ್ಚುತ್ತಾರೆ. ಮೊಲದ ರಕ್ತದಲ್ಲಿ ಅದನ್ನು ಹಿಡಿಯಬಲ್ಲ ಪ್ರತಿಕಾಯ ಹುಟ್ಟುತ್ತದೆ. ವೃಷಣದ ತೆಳುಚೂರಿನ ಮೇಲೆ ಆ ಪ್ರತಿಕಾಯವನ್ನು ಹಾಯಿಸಿದರೆ ಅದು ಅಂಟಿದೆಡೆಯಲ್ಲಿ ಬಣ್ಣ ಮೂಡುವಂತೆ ಮಾಡಬಹುದು.

ಆದರೆ ಅಂಟಿದ್ದೆಲ್ಲ ಎಚ್-1-ಟಿಗೇ ಎಂದು ನಂಬುವುದು ಹೇಗೆ? ಇಲ್ಲಿ ತಡೆಪೆಪ್ಟೈಡಿನ ಪ್ರಯೋಜನ. ಪ್ರತಿಕಾಯಕ್ಕೆ ಹಿಡಿಯುವ ಕೈಗಳು ಎರಡು. ಮೊದಲೇ ಅದನ್ನು ಅದೇ ಪೆಪ್ಟೈಡಿನೊಂದಿಗೆ, ಪೆಪ್ಟೈಡು ಯಥೇಚ್ಛವಾಗಿರುವಂತೆ, ಬೆರೆಸಿಟ್ಟರೆ ಆ ಎರಡು ಕೈಗಳೂ ತುಂಬಿಹೋಗುತ್ತವೆ. ಇಂಥ ಮಿಶ್ರಣವನ್ನು ಒಂದು ಚೂರಿಗೂ ಬರಿಯ ಪ್ರತಿಕಾಯವನ್ನು ಅದರ ಪಕ್ಕದ ಚೂರಿಗೂ ಹಾಕಿ ಹೋಲಿಸಬೇಕು. ಮಿಶ್ರಣ ಹಾಕಿದೆಡೆಯಲ್ಲಿ ಮಾಯವಾದ ಬಣ್ಣ ಪೆಪ್ಟೈಡಿನ ಆಕರ್ಷಣೆಯಿಂದ ಮೂಡಿದ್ದು. ಅಲ್ಲಿಯೂ ಉಳಿದುಕೊಂಡ ಬಣ್ಣ ಬೇರಾವುದೋ ಅಂಟಿನದು, ಲೆಕ್ಕಕ್ಕೆ ಬಾರದು.

ಇಷ್ಟಕ್ಕೇ ತೃಪ್ತರಾಗುವವರಿದ್ದಾರೆ, ಅದು ಆತುರವೆಂದೇ ನನ್ನ ಎಣಿಕೆ. ಬಣ್ಣ ಮಾಯವಾದುದರಿಂದ ಪ್ರತಿಕಾಯವು ಆ ಪೆಪ್ಟೈಡನ್ನು ಹಿಡಿಯುತ್ತದೆಂದು ತಿಳಿಯಿತು, ನಿಜ. ಅದನ್ನು ಹೋಲುವ ತುಣುಕು ಇನ್ನೊಂದು ಪ್ರೋಟೀನಿನಲ್ಲಿದ್ದರೆ? ಅಲ್ಲಿಯೂ ಅಂಟು ಹತ್ತುತ್ತದೆ, ತಡೆದಾಗ ಅದೂ ಮಾಯವಾಗುತ್ತದೆ. ಪೆಪ್ಟೈಡು ಈ ಎರಡನ್ನು ಬೇರ್ಪಡಿಸಿ ತೋರಿಸಲಾರದು.

ಬೇರ್ಪಡಿಸಬಲ್ಲದ್ದು ಎಚ್-1-ಟಿಯೇ ಇಲ್ಲದ ಪ್ರಾಣಿ. ಆ ವಂಶವಾಹಿಯನ್ನು ಕಿತ್ತುಹಾಕಿದ ಇಲಿಗಳನ್ನು 2000ದಲ್ಲಿ ವರದಿ ಮಾಡಲಾಯಿತು. ಅಂಥ ಇಲಿಯ ವೃಷಣದಲ್ಲಿಯೂ ಅದೇ ಬಣ್ಣ ಮೂಡಿದರೆ, ಪೆಪ್ಟೈಡು ಏನೇ ಹೇಳಿರಲಿ, ಆ ಪ್ರತಿಕಾಯವನ್ನು ನಂಬುವಂತಿಲ್ಲ. ಸೋಜಿಗವೆಂದರೆ ಆ ಇಲಿಗಳು ಬಂಜೆಯಾಗಲಿಲ್ಲ. ಎಚ್-1-ಟಿ ಇಲ್ಲದೆಯೇ ವೀರ್ಯಾಣುಗಳನ್ನು ಬೆಳೆಸಿಕೊಂಡು ಮರಿಗಳಿಗೆ ಜನ್ಮವಿತ್ತವು.