ಬೈಗುಳದ ಕಾರ್ಡು ಮತ್ತು ಕಸದ ಬುಟ್ಟಿ

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತೋಟ ಇರುವ ಮನೆಯ ಮಕ್ಕಳಿಗೂ ಬಾಯಿಗೆ ಬರುವ ಲೆಕ್ಕ ಇದು. ನಾನು ಕೆಲಸ ಮಾಡುತ್ತಿದ್ದ ವಾರಪತ್ರಿಕೆಯಲ್ಲಿ ಒಮ್ಮೆ, ಮೇ ತಿಂಗಳ ಕೊನೆಗೆ ಬಂದ ಕೊಳೆರೋಗದ ಲೇಖನದಲ್ಲಿ, ಒಂದು ಸೊನ್ನೆ ಹಾರಿಹೋಗಿ 100 ಎಂಬುದು 10 ಆಗಿ ಅಚ್ಚಾಯಿತು. ಅಷ್ಟು ಗಟ್ಟಿಯದನ್ನು ಮರದ ಗಾಯಕ್ಕೆ ಹಚ್ಚುವ ಮುಲಾಮಾಗಿ ಬಳಸುತ್ತಾರೆಯೇ ಹೊರತು ಗೊನೆಗೆ ಸಿಂಪಡಿಸುವುದಿಲ್ಲ.

ನಾಲ್ಕನೇ ದಿನಕ್ಕೆ ಒಂದು ಅಂಚೆ ಕಾರ್ಡು ಬಂತು. ನಿಮ್ಮ ಲೇಖಕ ತೋಟಕ್ಕೆ ಕಾಲಿಟ್ಟವನಲ್ಲ, ನೀವು ಕಾಪಿ ಓದುವವರಲ್ಲ, ನಿಮ್ಮ ಪತ್ರಿಕೆ ಅಡಿಕೆ ಸುಲಿಯುವಾಗ ಕೆಳಗೆ ಹಾಸುವುದಕ್ಕೂ ನಾಲಾಯಕ್ಕು ಎಂದು ಶುರುವಾಗಿತ್ತು. ಸಹಿಯ ಜಾಗದಲ್ಲಿ ‘ಒಬ್ಬ ಬೆಳೆಗಾರ’. ಹೆಸರಿಲ್ಲ, ಊರಿಲ್ಲ. ಮೂರು ಸಾಲು ಓದಿ ಬುಟ್ಟಿಗೆ ಹಾಕಿದೆ. ಓದುಗರ ಪತ್ರಗಳ ಪುಟ ನೋಡಿಕೊಳ್ಳುತ್ತಿದ್ದವನು ನಾನೇ. ಮೂರನೇ ವಾರ ನಿವೃತ್ತ ಮೇಷ್ಟ್ರೊಬ್ಬರು ಬಹಳ ವಿನಯದಿಂದ, ಸುಂದರ ಅಕ್ಷರದಲ್ಲಿ, ಅದೇ ತಪ್ಪನ್ನು ತೋರಿಸಿ ಬರೆದರು. ಆಗ ನೆನಪಾಯಿತು: ಆ ಕಾರ್ಡಿನ ಅಡಿಯಲ್ಲೂ ನೀರಿನ ಲೆಕ್ಕ ಅಂತ ಏನೋ ಇತ್ತು. ತಿದ್ದುಪಡಿ ಅಚ್ಚಾಗುವ ಹೊತ್ತಿಗೆ ಮಳೆ ಹಿಡಿದಿತ್ತು, ಮೊದಲ ಔಷಧಿ ಹೊಡೆದು ಮುಗಿದಿತ್ತು.

ಅವತ್ತಿನಿಂದ ಖಾರದ ಪತ್ರಗಳ ಬಗ್ಗೆ ನಮ್ಮ ವೃತ್ತಿಯಲ್ಲೂ ಓದುಗರಲ್ಲೂ ಇರುವ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚುತ್ತ ಬಂದಿದ್ದೇನೆ. ಬಹಳಷ್ಟು ನಿಲ್ಲಲಿಲ್ಲ.

‘ನನ್ನ ಪತ್ರ ಹಾಕಲಿಲ್ಲ, ಇದು ವಾಕ್ ಸ್ವಾತಂತ್ರ್ಯದ ಕೊಲೆ’

ಫೋನಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ಕೈ ಕಟ್ಟುವುದಕ್ಕೆ ಇರುವುದು. ಖಾಸಗಿ ಪತ್ರಿಕೆಯೊಂದು ನಿಮ್ಮ ಪತ್ರವನ್ನು ಅಚ್ಚು ಹಾಕಲೇಬೇಕೆಂದು ಅದು ಹೇಳುವುದಿಲ್ಲ. ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳೂ ಬಂದ ಪತ್ರಗಳನ್ನೆಲ್ಲ ಪ್ರಕಟಿಸುವ ಹೊಣೆಯನ್ನು ಸಂಪಾದಕರ ಮೇಲೆ ಹೊರಿಸಿಲ್ಲ. ಆಯ್ದುಕೊಳ್ಳಬಹುದು, ಸಾರಾಂಶ ಮಾಡಬಹುದು. ಆದರೆ ಆಯ್ಕೆ ಒಂದೇ ಕಡೆಗೆ ವಾಲಬಾರದು. ಪರ, ವಿರೋಧ ಎರಡಕ್ಕೂ ಪ್ರಾಮಾಣಿಕವಾಗಿ ಜಾಗ ಕೊಡಲು ಯತ್ನಿಸಬೇಕು ಎಂಬ ಷರತ್ತು ಅದರ ಬೆನ್ನಿಗೇ ಇದೆ. ಸಂಪಾದಕರು ಮೊದಲರ್ಧವನ್ನು ಮಾತ್ರ ಕಂಠಪಾಠ ಮಾಡಿರುತ್ತಾರೆ.

ಇಲ್ಲಿ ಒಂದು ಮೊಕದ್ದಮೆಯ ಕಥೆ ಹೇಳಲೇಬೇಕು. ಅಹಮದಾಬಾದಿನ ಬಳಕೆದಾರರ ಸಂಸ್ಥೆಯೊಂದರ ಮನುಭಾಯಿ ಶಾ ಎಂಬುವರು ಜೀವ ವಿಮಾ ನಿಗಮ ಪಾಲಿಸಿದಾರರಿಗೆ ಅನ್ಯಾಯ ಮಾಡುತ್ತಿದೆ ಎಂದು ಅಂಕಿ-ಅಂಶ ಸಮೇತ ಒಂದು ಪ್ರಬಂಧ ಬರೆದರು. ನಿಗಮದ ಅಧಿಕಾರಿಯೊಬ್ಬರು ‘ದಿ ಹಿಂದೂ’ ಪತ್ರಿಕೆಯಲ್ಲಿ ಅದನ್ನು ಖಂಡಿಸಿದರು. ಶಾ ಅದೇ ಪತ್ರಿಕೆಯಲ್ಲಿ ಮರುತ್ತರ ಕೊಟ್ಟರು. ಅಲ್ಲಿಗೆ ಲೆಕ್ಕ ಚುಕ್ತಾ. ಆಮೇಲೆ ನಿಗಮ ತನ್ನ ಮನೆಪತ್ರಿಕೆ ‘ಯೋಗಕ್ಷೇಮ’ದಲ್ಲಿ ತನ್ನ ಅಧಿಕಾರಿಯ ಲೇಖನವನ್ನಷ್ಟೇ ಹಾಕಿಕೊಂಡಿತು, ನನ್ನ ಉತ್ತರವನ್ನೂ ಹಾಕಿ ಎಂದು ಶಾ ಕೇಳಿದರೆ, ಇದು ನಮ್ಮ ಮನೆಯ ಪತ್ರಿಕೆ, ಆಗುವುದಿಲ್ಲ ಎಂದಿತು. ಗುಜರಾತ್ ಹೈಕೋರ್ಟು ಶಾ ಪರವಾಗಿ ನಿಂತಿತು. 1992ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾರಣ, ನಿಗಮ ಖಾಸಗಿ ಆಸಾಮಿಯಲ್ಲ; ಅದು ‘ಪ್ರಭುತ್ವ’ದ ಅಂಗ, ಪತ್ರಿಕೆ ನಡೆಯುವುದು ಸಾರ್ವಜನಿಕರ ಹಣದಲ್ಲಿ, ಒಂದು ಕಡೆಯ ವಾದ ಓದಿದವರಿಗೆ ಇನ್ನೊಂದು ಕಡೆಯದನ್ನೂ ತಿಳಿಯುವ ಹಕ್ಕಿದೆ.

ಹಾಗಾಗಿ ನಿಗಮ, ಮಂಡಳಿ, ಸರ್ಕಾರಿ ವಿಶ್ವವಿದ್ಯಾಲಯದ ಪತ್ರಿಕೆ ನಡೆಸುವವರು ಖಾಸಗಿ ಸಂಪಾದಕನ ಹಾಗೆ ‘ನಮ್ಮಿಷ್ಟ’ ಅನ್ನುವ ಮುಂಚೆ ಈ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು.

‘ಅಭಿಪ್ರಾಯಗಳಿಗೆ ಸಂಪಾದಕರು ಹೊಣೆಯಲ್ಲ’

ಈ ಸಾಲನ್ನು ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿಬಿಟ್ಟರೆ ರಕ್ಷೆ ಕಟ್ಟಿಕೊಂಡ ಹಾಗೆ ಎಂದು ನಂಬಿದ ಪತ್ರಿಕೆಗಳು ಬಹಳ. ನಮ್ಮದೂ ಅದರಲ್ಲೊಂದು. ಕಾನೂನಿನ ಕಣ್ಣಿಗೆ ಆ ಸಾಲಿಗೆ ಅಂಥ ಶಕ್ತಿಯಿಲ್ಲ. ಮಾನಹಾನಿ ಎಂಬುದು ಬರೆಯುವುದರಿಂದ ಮಾತ್ರ ಆಗುವುದಲ್ಲ, ಪ್ರಕಟಿಸುವುದರಿಂದಲೂ ಆಗುತ್ತದೆ. ಪತ್ರ ಬರೆದವರ ಜೊತೆಗೆ ಅದನ್ನು ಆಯ್ದ ಸಂಪಾದಕರು, ಪ್ರಕಾಶಕರು, ಮುದ್ರಕರು ಎಲ್ಲರೂ ಕಟಕಟೆ ಹತ್ತಬೇಕಾಗಬಹುದು. ಕೊನೆಯ ಪುಟದ ತಳದಲ್ಲಿ ಇವರ ಹೆಸರು ಅಚ್ಚಾಗುವುದು ಶೋಭೆಗಲ್ಲ. 1867ರ ಪತ್ರಿಕಾ ಕಾಯ್ದೆಯ ಕಾಲದಿಂದ ಬಂದ ಹೊಣೆಗಾರಿಕೆ ಅದು. ಅದರ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ, ಹೊಣೆ ಹೋಗಿಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ನಂಬಿಕೆ ಇದೆ: ನಿಜ ಬರೆದರೆ ಯಾರೂ ಏನೂ ಮಾಡಲಾರರು ಅಂತ. ಸಿವಿಲ್ ದಾವೆಯಲ್ಲಿ ಸತ್ಯವೇ ಸಾಕಾಗುವ ಗುರಾಣಿ. ಕ್ರಿಮಿನಲ್ ಪ್ರಕರಣದಲ್ಲಿ ಸತ್ಯ ಅರ್ಧ ಮಾತ್ರ. ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಹಳೆಯ ದಂಡಸಂಹಿತೆಯ 499ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಸಮುದಾಯ ಸೇವೆ ಎಂಬುದು ಹೊಸದಾಗಿ ಸೇರಿದೆ. ಮಾನಹಾನಿಯನ್ನು ಕ್ರಿಮಿನಲ್ ಅಪರಾಧವಾಗಿ ಉಳಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ‘ಸರಿ’ ಎಂಬ ಉತ್ತರ ಬಂದಿತು. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಪುಟ ಕಟ್ಟುವವನಿಗೆ ತನ್ನ ಅಭಿಪ್ರಾಯಕ್ಕಿಂತ ಕಲಮು ಮುಖ್ಯ.

‘ಖಾರವಾಗಿ ಬರೆದದ್ದೆಲ್ಲ ನಿಂದನೆ’

ಗೊಂದಲ ಹೆಚ್ಚಿರುವುದು ಇಲ್ಲಿಯೇ. ಮಜವೆಂದರೆ ಈ ಗೊಂದಲವನ್ನು ಬಿಡಿಸಿಕೊಟ್ಟದ್ದು ವಿಮರ್ಶಕರಲ್ಲ, 1860ರ ದಂಡಸಂಹಿತೆ. ಪುಸ್ತಕ ಬರೆದು ಪ್ರಕಟಿಸಿದವನು ಅದನ್ನು ಜನರ ತೀರ್ಮಾನಕ್ಕೆ ಒಪ್ಪಿಸಿದಂತೆ ಎಂದು ಹೇಳಿ, ಅದು ಎರಡು ಉದಾಹರಣೆ ಕೊಡುತ್ತದೆ. ಈತನ ಪುಸ್ತಕ ಅವಿವೇಕದ್ದು, ಹಾಗಾಗಿ ಈತ ದುರ್ಬಲ ಮನಸ್ಸಿನವನಿರಬೇಕು. ಪುಸ್ತಕ ಅಶ್ಲೀಲ, ಹಾಗಾಗಿ ಈತನ ಮನಸ್ಸು ಹೊಲಸಿರಬೇಕು ಎಂದು ಸದುದ್ದೇಶದಿಂದ ಬರೆದರೆ ತಪ್ಪಿಲ್ಲ. ಆದರೆ ಈತನ ಪುಸ್ತಕ ಅವಿವೇಕದ್ದೂ ಅಶ್ಲೀಲವೂ ಆಗಿದ್ದರಲ್ಲಿ ಆಶ್ಚರ್ಯವಿಲ್ಲ, ಯಾಕೆಂದರೆ ಈತನೇ ದುರ್ಬಲ, ಲಂಪಟ ಎಂದು ಬರೆದರೆ ರಕ್ಷಣೆ ಇಲ್ಲ.

ಎರಡೂ ಕಡೆ ಬೈಗುಳದ ತೂಕ ಹೆಚ್ಚುಕಮ್ಮಿ ಒಂದೇ. ಬೇರೆಯಾಗಿರುವುದು ಮಾತು ಹೊರಟ ಜಾಗ. ಮೊದಲನೆಯದು ಪುಟದಿಂದ ಹೊರಟು ಮನುಷ್ಯನವರೆಗೆ ಬಂದಿದೆ. ಎರಡನೆಯದು ಮನುಷ್ಯನಿಂದಲೇ ಹೊರಟಿದೆ, ಪುಟ ಬರೀ ನೆಪ. ನನ್ನ ಮೇಜಿಗೆ ಬಂದ ಪತ್ರಗಳನ್ನು ಆಮೇಲಾಮೇಲೆ ನಾನು ಹೀಗೆಯೇ ಜರಡಿ ಹಿಡಿಯುತ್ತಿದ್ದೆ. ‘ಈ ಕಥೆ ಓದಿ ತಲೆನೋವು ಬಂತು, ಲೇಖಕಿಗೆ ಹಳ್ಳಿಯ ಗಂಧಗಾಳಿ ಇಲ್ಲ’ ಎಂಬುದು ಅಚ್ಚಿಗೆ. ‘ಆ ಜಾತಿಯವಳು ಇನ್ನೇನು ಬರೆದಾಳು’ ಎಂಬುದು ಬುಟ್ಟಿಗೆ, ಅದನ್ನು ಎಷ್ಟೇ ನಯವಾದ ಗ್ರಾಂಥಿಕ ಕನ್ನಡದಲ್ಲಿ ಬರೆದಿರಲಿ. ನಯವಾಗಿ ಬರೆದ ವಿಷವನ್ನು ಡೆಸ್ಕಿನವರು ಸಲೀಸಾಗಿ ಒಳಗೆ ಬಿಟ್ಟುಕೊಂಡು, ಒರಟಾಗಿ ಬರೆದ ಸತ್ಯವನ್ನು ಬಾಗಿಲಲ್ಲೇ ತಡೆಯುತ್ತಾರೆ. ನನ್ನ ಅಡಿಕೆ ಬೆಳೆಗಾರನಿಗೆ ಆದದ್ದೂ ಇದೇ.

ಅಂದಹಾಗೆ, ಪುರಂದರದಾಸರು ನಿಂದಕರು ಇರಬೇಕು ಎಂದಿದ್ದಾರೆಂದು ಭಾಷಣಗಳಲ್ಲಿ ಎಲ್ಲರೂ ಉದಾರವಾಗಿ ನೆನೆಯುತ್ತಾರೆ. ದಾಸರು ಅವರನ್ನು ಹೋಲಿಸಿದ್ದು ಕೇರಿ ಶುದ್ಧ ಮಾಡುವ ಹಂದಿಗೆ ಎಂಬುದನ್ನು ಮಾತ್ರ ನುಂಗಿಬಿಡುತ್ತಾರೆ. ಟೀಕಾಕಾರನಿಗೆ ಸಲ್ಲಿಸಿದ ಮರ್ಯಾದೆ ಅಲ್ಲ ಅದು, ಅವನಿಂದ ಆಗುವ ಕೆಲಸದ ಲೆಕ್ಕ. ಸಂಪಾದಕನಿಗೆ ಬೇಕಾದದ್ದೂ ಅಷ್ಟೇ. ಪತ್ರ ಬರೆದವರನ್ನು ಇಷ್ಟಪಡಬೇಕಾಗಿಲ್ಲ.

‘ಟೀಕೆ ಅಚ್ಚು ಹಾಕಿದರೆ ಮರ್ಯಾದೆ ಹೋಗುತ್ತದೆ’

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅಂಬೇಡ್ಕರ್ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಪ್ರತಿ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ‘ಜಾತಿ ವಿನಾಶ’ವನ್ನು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಗಾಂಧೀಜಿ ‘ಹರಿಜನ’ದಲ್ಲಿ ಅದನ್ನು ವಿಮರ್ಶಿಸಿದರು, ಎಂಟಾಣೆ ಬೆಲೆ ಹೆಚ್ಚಾಯಿತು ಎಂಬ ಆಕ್ಷೇಪವನ್ನೂ ಸೇರಿಸಿದರು. 1937ರಲ್ಲಿ ಎರಡನೇ ಮುದ್ರಣ ಬಂದಾಗ ಅಂಬೇಡ್ಕರ್ ಏನು ಮಾಡಿದರು? ಗಾಂಧೀಜಿಯವರ ಆ ಬರಹವನ್ನು ತಮ್ಮದೇ ಪುಸ್ತಕದ ಕೊನೆಗೆ ಹಾಕಿ, ಅದರ ಪಕ್ಕಕ್ಕೆ ತಮ್ಮ ಉತ್ತರವನ್ನಿಟ್ಟರು. ಇವತ್ತಿಗೂ ಆ ಪುಸ್ತಕವನ್ನು ಜನ ಮೂರೂ ಭಾಗ ಸೇರಿಸಿಯೇ ಓದುತ್ತಾರೆ. ಎದುರಾಳಿಯ ಮಾತನ್ನು ತಾನೇ ಅಚ್ಚು ಹಾಕಿದ್ದರಿಂದ ಅಂಬೇಡ್ಕರರ ವಾದದ ಬಲ ಕುಂದಿತೋ ಹೆಚ್ಚಿತೋ, ಓದಿದವರೇ ಹೇಳಲಿ.

ಗಾಂಧೀಜಿಯೂ ಈ ವಿಷಯದಲ್ಲಿ ಪಳಗಿದ ಸಂಪಾದಕರೇ. 1903ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾದ ‘ಇಂಡಿಯನ್ ಒಪಿನಿಯನ್’ಗೆ ಬರುತ್ತಿದ್ದ ಸ್ನೇಹದ, ಟೀಕೆಯ, ಕಹಿಯ ಪತ್ರಗಳ ರಾಶಿಯನ್ನು ಓದಿ ಉತ್ತರಿಸಿದ್ದು ತಮಗೊಂದು ಶಿಕ್ಷಣವಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಹಾಗೆಂದು ಹಿಂದಿನವರಿಗೆಲ್ಲ ಸಹನೆ ಇತ್ತು, ಈಗಿನವರಿಗೆ ಇಲ್ಲ ಎಂಬ ಮಾತನ್ನೂ ಒಪ್ಪಬೇಡಿ. ಪತ್ರಿಕೆಗಳ ಟೀಕೆ ತಾಳಲಾರದೆ ಮೈಸೂರು ಸಂಸ್ಥಾನ 1908ರಲ್ಲಿ ಪತ್ರಿಕಾ ನಿರ್ಬಂಧ ಕಾನೂನು ತಂದಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಮಾದರಿ ಸಂಸ್ಥಾನ ಎಂದು ನಾವು ಹೆಮ್ಮೆಪಡುವ ಕಾಲದ ಸಂಗತಿ ಇದು.

‘ಸ್ವಲ್ಪ ಮೆದು ಮಾಡಿ ಹಾಕಿದರೆ ಎಲ್ಲರಿಗೂ ಒಳ್ಳೆಯದು’

ಇದು ಒಳ್ಳೆಯ ಮನಸ್ಸಿನವರು ಮಾಡುವ ತಪ್ಪು. ‘ಲೇಖನ ಸುಳ್ಳಿನ ಕಂತೆ’ ಎಂದಿದ್ದರೆ ‘ಲೇಖನದಲ್ಲಿ ಕೆಲವು ಲೋಪಗಳಿವೆ’ ಎಂದು ತಿದ್ದುವುದು. ಪತ್ರವನ್ನು ಕತ್ತರಿಸುವ ಹಕ್ಕು ಸಂಪಾದಕನಿಗಿದೆ, ಬರೆಯುವ ಹಕ್ಕಿಲ್ಲ. ಉದ್ದ ಕಡಿಮೆ ಮಾಡಿ, ಕಾಗುಣಿತ ತಿದ್ದಿ, ಎರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿ. ಆದರೆ ಅವರ ಸಿಟ್ಟನ್ನು ನಿಮ್ಮ ಸೌಜನ್ಯಕ್ಕೆ ಅನುವಾದ ಮಾಡಬೇಡಿ. ಹಾಗೆ ಮಾಡಿದ ಪತ್ರದ ಕೆಳಗೆ ಇನ್ನೊಬ್ಬರ ಹೆಸರು ಹಾಕುವುದು ಸುಳ್ಳು ಸಹಿ ಹಾಕಿದ ಹಾಗೆಯೇ. ಒಂದು ಪದ ಕಾನೂನಿನ ದೃಷ್ಟಿಯಿಂದ ಹೋಗಲೇಬೇಕಿದ್ದರೆ ಫೋನ್ ಮಾಡಿ ಕೇಳುವುದು ಐದು ನಿಮಿಷದ ಕೆಲಸ. ‘ಸಾರ್, ಕಳ್ಳ ಅನ್ನೋದನ್ನ ತೆಗೀಲಾ?’ ಎಂದರೆ ಹತ್ತರಲ್ಲಿ ಒಂಬತ್ತು ಜನ ‘ತೆಗೀರಿ, ಬಾಕಿದು ಇರಲಿ’ ಅಂದಿದ್ದಾರೆ.

ಇನ್ನು ಪ್ರತಿ ಟೀಕೆಗೂ ಅಡಿಯಲ್ಲೇ ಸಂಪಾದಕರ ಟಿಪ್ಪಣಿ ಜಡಿಯುವ ಚಾಳಿ. ಕೊನೆಯ ಮಾತು ನಮ್ಮದೇ ಇರಬೇಕೆಂಬ ಹಠ ಅದು. ಲೇಖನದಿಂದ ತೊಂದರೆಗೊಳಗಾದ ವ್ಯಕ್ತಿ ಸ್ಪಷ್ಟೀಕರಣ ಕಳಿಸಿದರೆ ಅದನ್ನು ಬೇಗ, ಎದ್ದುಕಾಣುವಂತೆ, ದುಡ್ಡು ಕೇಳದೆ ಹಾಕಬೇಕು ಎನ್ನುತ್ತದೆ ಪತ್ರಿಕಾ ಮಂಡಳಿ. ಅದರ ಸತ್ಯದ ಬಗ್ಗೆ ಅನುಮಾನವಿದ್ದರೆ ಕೆಳಗೆ ಚಿಕ್ಕ ಟಿಪ್ಪಣಿ ಸೇರಿಸಬಹುದು, ಆದರೆ ಕೈಯಲ್ಲಿ ಗಟ್ಟಿ ದಾಖಲೆ ಇದ್ದರೆ ಮಾತ್ರ. ದಾಖಲೆ ಇಲ್ಲದೆ ಹಾಕಿದ ಟಿಪ್ಪಣಿ ಓದಿದವರಿಗೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಾಣುತ್ತದೆ.

ಉತ್ತರಕ್ಕೆ ಮರುತ್ತರ, ಅದಕ್ಕೆ ಇನ್ನೊಂದು ಬರುತ್ತಲೇ ಇದ್ದರೆ? ಎಲ್ಲಿ ನಿಲ್ಲಿಸಬೇಕೆಂಬುದು ಸಂಪಾದಕರ ವಿವೇಚನೆ. 2006ರಲ್ಲಿ ‘ವಿಜಯ ಕರ್ನಾಟಕ’ದಲ್ಲಿ ಟಿಪ್ಪು ಸುಲ್ತಾನನ ಬಗ್ಗೆ ಭೈರಪ್ಪ ಮತ್ತು ಕಾರ್ನಾಡರ ನಡುವೆ ಶುರುವಾದ ವಾಗ್ವಾದಕ್ಕೆ ಓದುಗರೂ ಧುಮುಕಿದ್ದು ನಿಮಗೆ ನೆನಪಿರಬಹುದು. ಹೊಸ ಮಾತು ಬರುವವರೆಗೆ ಬಾಗಿಲು ತೆರೆದಿಡುವುದು, ಹಳೆಯ ಮಾತೇ ಹೊಸ ಸಹಿಯಲ್ಲಿ ಬರತೊಡಗಿದಾಗ ಮುಚ್ಚುವುದು ನನ್ನ ಕ್ರಮವಾಗಿತ್ತು.

‘ಹೆಸರಿಲ್ಲದ ಪತ್ರಕ್ಕೆ ಬೆಲೆಯಿಲ್ಲ’

ಅಚ್ಚಿಗೆ ಬೆಲೆಯಿಲ್ಲ, ನಿಜ. ವಿಳಾಸ ಗೊತ್ತಿಲ್ಲದವರ ಆರೋಪವನ್ನು ಪ್ರಕಟಿಸುವುದೆಂದರೆ ಅವರ ಸಾಲಕ್ಕೆ ನೀವು ಜಾಮೀನು ನಿಂತ ಹಾಗೆ. ಶಾಲೆಯ ಆಡಳಿತದ ವಿರುದ್ಧ ಬರೆದ ಮೇಷ್ಟ್ರ ಹೆಸರನ್ನು ಪುಟದಲ್ಲಿ ಮರೆಮಾಚಬಹುದು. ಸಂಪಾದಕನಿಗೆ ಮಾತ್ರ ಗೊತ್ತಿರಲೇಬೇಕು. ಆದರೆ ಅಚ್ಚಿಗೆ ಯೋಗ್ಯವಲ್ಲದ ಪತ್ರ ಓದುವುದಕ್ಕೂ ಯೋಗ್ಯವಲ್ಲ ಎಂದುಕೊಂಡದ್ದು ನನ್ನ ತಪ್ಪು. ಆ ಕಾರ್ಡನ್ನು ಪ್ರಕಟಿಸಬೇಕಾಗಿರಲಿಲ್ಲ. ಕೊನೆಯವರೆಗೆ ಓದಿ, ಯಾವುದಾದರೂ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಂದು ಫೋನ್ ಮಾಡಿ, ಮುಂದಿನ ಸಂಚಿಕೆಯಲ್ಲೇ ಒಂದು ಸೊನ್ನೆ ಸೇರಿಸಿದ್ದರೆ ಸಾಕಿತ್ತು.

ಓದುಗರಲ್ಲೂ ಒಂದು ಕೇಳಿಕೆ ಇದೆ. ಬೈಯಿರಿ, ಸಂಕೋಚ ಬೇಡ. ಆದರೆ ಯಾವ ತಾರೀಖಿನ ಸಂಚಿಕೆ, ಯಾವ ಪುಟ, ಯಾವ ಸಾಲು ಎಂದು ಮೊದಲು ಬರೆದು, ತಪ್ಪು ಏನು ಎಂಬುದನ್ನು ಅದರ ಪಕ್ಕದಲ್ಲೇ ಹೇಳಿ, ಬೈಗುಳವನ್ನು ಆಮೇಲೆ ಇಟ್ಟುಕೊಳ್ಳಿ. ಕೆಳಗೆ ಹೆಸರು, ಊರು, ಫೋನ್ ನಂಬರ್ ಹಾಕಿ. ಹೆಸರು ಅಚ್ಚಾಗುವುದು ಬೇಡವಾದರೆ ಹಾಗೆಂದು ಒಂದು ಸಾಲು ಸೇರಿಸಿ.

ಆ ಬೆಳೆಗಾರರು ಇದನ್ನು ಓದುತ್ತಿದ್ದರೆ ತಿಳಿಸುತ್ತಿದ್ದೇನೆ: ನೀರು 100 ಲೀಟರ್. ನೀವು ಹೇಳಿದ್ದೇ ಸರಿ.