ಕೊನೆಯ ಸಾಲಿಗೂ ಮುಟ್ಟಿದ ಹಾಡು

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿರುವ ಕುಂಚಾವರಂ ಕಾಡನ್ನು ದಾಟಿದರೆ ತೆಲಂಗಾಣ. ಇಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ; ತಾಂಡಾಗಳಲ್ಲಿ ಲಂಬಾಣಿ ಮಾತಿದೆ. ಇತ್ತ ಸೇಡಂ, ಚಿತ್ತಾಪುರಗಳನ್ನು ಹಾದು ವಾಡಿಗೆ ಬಂದರೆ ಮುಂಬೈ ಕಡೆಯ ರೈಲು ಸಿಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿದ್ದದ್ದು 1874ರಲ್ಲಿ. ಹೀಗೆ ಕನ್ನಡ, ತೆಲುಗು, ಮರಾಠಿ ಮಾತುಗಳ ನಡುವೆ ಇರುವ ಈ ಸೀಮೆಯ ಸುತ್ತ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೂರು ಭಾಷೆಗಳಲ್ಲೂ ಒಂದೇ ಬಗೆಯ ಬೆಳೆ ಬಂತು. ಅದು ಹಾಡುವ ನಾಟಕ.

ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದರು. ಗದಗಿನಲ್ಲಿ ಶಾಂತಕವಿಗಳು ಮರಾಠಿ ನಾಟಕಗಳಿಗೆ ಸರಿಸಾಟಿಯಾಗಿ ಕನ್ನಡದ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು ತೆಲುಗು ನಾಟಕಕ್ಕೆ ಹಾಡು, ಪದ್ಯಗಳನ್ನು ತುಂಬಿ ‘ಆಂಧ್ರ ನಾಟಕ ಪಿತಾಮಹ’ ಎನಿಸಿಕೊಂಡರು. ತುಮಕೂರು ಸೀಮೆಯಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಇವುಗಳಲ್ಲೆಲ್ಲ ಕಥೆ ಪ್ರೇಕ್ಷಕನಿಗೆ ಮೊದಲೇ ಗೊತ್ತು. ಹರಿಶ್ಚಂದ್ರ ಸುಡುಗಾಡು ಕಾಯುತ್ತಾನೆ, ಪ್ರಹ್ಲಾದ ಉಳಿಯುತ್ತಾನೆ, ಕೃಷ್ಣನ ಸಂಧಾನ ಮುರಿಯುತ್ತದೆ. ಆದರೂ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಏನಾಗುತ್ತದೆ ಎಂದು ತಿಳಿಯುವುದಕ್ಕಲ್ಲ, ಹೇಗೆ ಹಾಡುತ್ತಾರೆ ಎಂದು ಕೇಳುವುದಕ್ಕೆ.

ಯುರೋಪಿನಲ್ಲಿ ಇದಕ್ಕೆ ಹತ್ತಿರದ ನೆಂಟನೆಂದರೆ ಆಪೆರಾ. ಅದರಲ್ಲಿ ಕಥೆಯನ್ನು ಮುಂದೊಯ್ಯುವ ಮಾತಿನಂಥ ಹಾಡುಗಾರಿಕೆ ಒಂದು. ಕಥೆ ಅರೆಗಳಿಗೆ ನಿಂತು ಪಾತ್ರದ ಮನಸ್ಸು ಬಿಚ್ಚಿಕೊಳ್ಳುವ ‘ಏರಿಯಾ’ ಎಂಬ ಬಿಡಿ ಹಾಡು ಇನ್ನೊಂದು. ನಮ್ಮ ಕಂಪನಿ ನಾಟಕದ ಮಾತು ಮತ್ತು ರಂಗಗೀತೆಗಳ ಸಂಬಂಧವೂ ಹೆಚ್ಚುಕಡಿಮೆ ಅಂಥದೇ. ಎರಡೂ ಕಡೆ ಹಾಡುಗಾರನ ಮುಂದಿದ್ದ ತೊಡಕುಗಳು ಎರಡು. ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿಗೆ ಕೇಳಿಸಬೇಕು. ಕೇಳಿಸಿದ್ದು ಬರೀ ಸ್ವರವಾಗದೆ ಪಾತ್ರದ ಮಾತಾಗಿರಬೇಕು. ಮೊದಲನೆಯದು ಕಂಠದ ಪ್ರಶ್ನೆ, ಎರಡನೆಯದು ಅರ್ಥದ ಪ್ರಶ್ನೆ. ಇವೆರಡೂ ಯಾವಾಗಲೂ ಜೊತೆಯಾಗಿ ನಡೆಯುವುದಿಲ್ಲ ಎಂಬುದೇ ಈ ಕಲೆಯ ಇಕ್ಕಟ್ಟು.

ಕಂಠ ಮುಟ್ಟಿದ್ದು ಹೇಗೆ?

ದೂರಕ್ಕೆ ಕೇಳಿಸಬೇಕಾದರೆ ಕೂಗಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಕೂಗಿದವನ ಗಂಟಲು ಎರಡನೆಯ ಅಂಕಕ್ಕೇ ಕಟ್ಟಿಕೊಳ್ಳುತ್ತದೆ. ರಾತ್ರಿಯಿಡೀ ಹಾಡಿ ಮರುದಿನ ಮತ್ತೆ ಬಣ್ಣ ಹಚ್ಚಬೇಕಾದವನಿಗೆ ಬೇರೆ ದಾರಿ ಬೇಕಿತ್ತು.

ಆಪೆರಾ ಗಾಯಕರು ಕಂಡುಕೊಂಡ ದಾರಿಯನ್ನು ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಅಳತೆ ಮಾಡಿ ವಿವರಿಸಿದರು. ದೊಡ್ಡ ವಾದ್ಯವೃಂದದ ನಾದದ ಬಲ ಹೆಚ್ಚಾಗಿ ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ಮೇಲೆ ಅದು ಇಳಿಯುತ್ತ ಹೋಗುತ್ತದೆ. ಪಳಗಿದ ಗಾಯಕ ಧ್ವನಿಪೆಟ್ಟಿಗೆಯನ್ನು ಕೊಂಚ ಕೆಳಗಿಳಿಸಿ, ಗಂಟಲನ್ನು ಅಗಲವಾಗಿರಿಸಿಕೊಂಡು ಹಾಡಿದಾಗ, ಅವನ ಕಂಠದಲ್ಲಿ 3000 ಕಂಪನಗಳ ಸುತ್ತ ವಿಶೇಷ ಹೊಳಪೊಂದು ಕೂಡಿಬರುತ್ತದೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ. ಮನುಷ್ಯನ ಕಿವಿಯ ಚುರುಕು ಹೆಚ್ಚು. ಹಾಗಾಗಿ ಒಬ್ಬನೇ ಗಾಯಕ ಹತ್ತಾರು ವಾದ್ಯಗಳ ಮೇಲೆ ತೇಲಿ ಕೇಳಿಸುತ್ತಾನೆ. ಅವನು ಗೆದ್ದದ್ದು ಬಲದಿಂದಲ್ಲ, ಖಾಲಿ ಜಾಗವನ್ನು ಹುಡುಕಿಕೊಂಡದ್ದರಿಂದ.

ನಮ್ಮ ರಂಗದ ನಟರು ಹಿಡಿದದ್ದು ಬೇರೆ ದಾರಿ. ಇಲ್ಲಿ ಎದುರಿಗೆ ವಾದ್ಯವೃಂದವಿರಲಿಲ್ಲ. ಕಾಲು ಹಾರ್ಮೋನಿಯಂ ಮತ್ತು ತಬಲಾ ಇದ್ದವು. ತೊಂದರೆ ಇದ್ದದ್ದು ತಗಡಿನ ಚಪ್ಪರ, ಬಟ್ಟೆಯ ಡೇರೆ, ಅಳುವ ಮಕ್ಕಳು ಮತ್ತು ಬಯಲ ಗಾಳಿಯಲ್ಲಿ. ಅದಕ್ಕೆ ನಟರು ಶ್ರುತಿಯನ್ನೇ ಏರಿಸಿಕೊಂಡರು. ಪೇಟಿ ಮಾಸ್ತರನ ಭಾಷೆಯಲ್ಲಿ ಹೇಳುವುದಾದರೆ ಕಾಳಿ ನಾಲ್ಕು, ಕಾಳಿ ಐದು. ಎಂದರೆ ಸಪ್ತಕದ ನಾಲ್ಕನೆಯ ಅಥವಾ ಐದನೆಯ ಕರಿಮನೆಯೇ ಷಡ್ಜ. ಅಷ್ಟು ಎತ್ತರದಲ್ಲಿ ತೆರೆದ ಬಾಯಿಯ ಆಕಾರ ಹಿಡಿದರೆ ಸ್ವರ ಚೂಪಾಗಿ ಹೊರಟು ಡೇರೆಯ ಅಂಚು ಮುಟ್ಟುತ್ತಿತ್ತು. ಉಸಿರಿಗೆ ಆಧಾರ ಮಾತ್ರ ಎರಡೂ ಕಡೆ ಒಂದೇ. ನಾಭಿಯಿಂದ ಹಾಡು ಎಂದು ನಮ್ಮ ಗುರುಗಳು ಹೇಳುವುದೂ, ಹೊಟ್ಟೆ ಪಕ್ಕೆಗಳ ಮೇಲೆ ಉಸಿರನ್ನು ಆನಿಸಿಕೋ ಎಂದು ಇಟಲಿಯ ಶಿಕ್ಷಕರು ಹೇಳುವುದೂ ಬೇರೆಯಲ್ಲ.

ಈ ಲೆಕ್ಕ ಹೊಸದೂ ಅಲ್ಲ. ಎದೆ, ಕಂಠ, ಶಿರ ಎಂದು ಧ್ವನಿಗೆ ಮೂರು ಸ್ಥಾನಗಳನ್ನು ಹೇಳುವ ಭರತನ ನಾಟ್ಯಶಾಸ್ತ್ರ, ಪಕ್ಕದಲ್ಲಿರುವವನೊಡನೆ ಎದೆಯ ಧ್ವನಿಯಿಂದ, ತುಸು ದೂರದವನೊಡನೆ ಕಂಠದಿಂದ, ಬಹುದೂರದವನೊಡನೆ ಶಿರದಿಂದ ಮಾತಾಡಬೇಕೆನ್ನುತ್ತದೆ. ಅದೇ ಗ್ರಂಥ ‘ಕಾಕು’ವನ್ನೂ ವಿವರಿಸುತ್ತದೆ. ಒಂದೇ ಮಾತು ಸ್ವರದ ಬಾಗಿನಿಂದ ಪ್ರಶ್ನೆಯಾಗಬಹುದು, ಅಣಕವಾಗಬಹುದು, ಅಳಲಾಗಬಹುದು. ದೂರ ಮುಟ್ಟಿಸುವ ವಿದ್ಯೆ, ಅರ್ಥ ಮುಟ್ಟಿಸುವ ವಿದ್ಯೆ ಎರಡನ್ನೂ ಒಂದೇ ಶಾಸ್ತ್ರ ಹೇಳಿತು.

ಎತ್ತರದ ಬೆಲೆ

ಎತ್ತರಕ್ಕೆ ಏರಿದಷ್ಟೂ ಮಾತು ಮಸಕಾಗುತ್ತದೆ. ತಾರ ಸ್ಥಾಯಿಯಲ್ಲಿ ಇಕಾರ, ಉಕಾರಗಳನ್ನು ಬಾಯಿ ಮುಚ್ಚಿ ಉಚ್ಚರಿಸಲಾಗದು; ಗಾಯಕ ಅವನ್ನು ತೆರೆದು ಎಕಾರ, ಒಕಾರಗಳತ್ತ ಜಾರಿಸುತ್ತಾನೆ. ಆಪೆರಾದಲ್ಲಿ ಹೆಣ್ಣುಕಂಠ ತುದಿ ಮುಟ್ಟಿದಾಗ ಯಾವ ಸ್ವರಾಕ್ಷರವೆಂದು ತಿಳಿಯುವುದೇ ಕಷ್ಟ. ಕಂದಪದ್ಯ, ಸೀಸಪದ್ಯಗಳ ಕೊನೆಯ ಅಕ್ಷರ ಹಿಡಿದು ನಟ ಆಲಾಪ ಮಾಡತೊಡಗಿದಾಗಲೂ ಇದೇ ಆಗುತ್ತದೆ. ಚಂದ್ರಮತಿ ಸತ್ತ ಮಗನ ಮುಂದೆ ಕೂತಿದ್ದಾಳೆ. ಆದರೆ ಪ್ರೇಕ್ಷಕ ರಾಗ ಗುರುತಿಸಿ ಚಪ್ಪಾಳೆ ಹೊಡೆಯುತ್ತಿದ್ದಾನೆ. ‘ಒನ್ಸ್ ಮೋರ್’ ಕೂಗು ಬಂದರೆ ಮುಗಿಯಿತು. ತಾಯಿ ಮತ್ತೆ ಮೊದಲಿನಿಂದ ಅಳಬೇಕು.

ಈ ಜಗಳ ಎರಡೂ ಖಂಡಗಳಲ್ಲಿ ನಡೆಯಿತು. 1837ರಲ್ಲಿ ಪ್ಯಾರಿಸ್ಸಿನಲ್ಲಿ ಜಿಲ್ಬೇರ್ ದ್ಯುಪ್ರೆ ಎಂಬ ಗಾಯಕ, ರೊಸ್ಸಿನಿಯ ‘ವಿಲಿಯಂ ಟೆಲ್’ ಆಪೆರಾದಲ್ಲಿ, ಅದುವರೆಗೆ ಹಗುರಾದ ಕಳ್ಳದನಿಯಲ್ಲಿ ಹಾಡುತ್ತಿದ್ದ ತುದಿಸ್ವರವನ್ನು ಪೂರ್ತಿ ಎದೆಯ ದನಿಯಲ್ಲಿ ಹಾಡಿದ. ಜನ ಹುಚ್ಚೆದ್ದರು; ರೊಸ್ಸಿನಿಗೆ ಮಾತ್ರ ಅದು ಕತ್ತು ಕುಯ್ಯುತ್ತಿರುವ ಹುಂಜದ ಕೂಗಿನಂತೆ ಕೇಳಿಸಿತೆಂಬ ಮಾತು ಉಳಿದುಬಂದಿದೆ. ಗೆದ್ದದ್ದು ಮಾತ್ರ ಎದೆಯ ದನಿಯೇ.

ನಮ್ಮಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಬಳ್ಳಾರಿ ರಾಘವರು (1880–1946) ಮುಖ್ಯರು. ಧರ್ಮವರಂ ಅವರ ಸಂಬಂಧಿಕರೂ ಅವರ ರಂಗದಲ್ಲೇ ಬೆಳೆದವರೂ ಆದ ರಾಘವರು, ಪದ್ಯವನ್ನು ರಾಗದಲ್ಲಿ ಎಳೆದಾಡುವುದಕ್ಕೆ ವಿರೋಧವಾಗಿದ್ದರು. ಅವರಿಗೆ ಬೇಕಿದ್ದದ್ದು ಪಾತ್ರದ ಮಾತು. ಇತ್ತ ಬೆಂಗಳೂರಿನಲ್ಲಿ ಟಿ.ಪಿ. ಕೈಲಾಸಂ ಹಾಡಿನ ಹಂಗನ್ನೇ ಕಳಚಿ ಆಡುಮಾತಿನ ನಾಟಕ ಬರೆದರು. ಆದರೆ ಇನ್ನೊಂದು ಪಕ್ಷವೂ ಹಗುರಾದುದಲ್ಲ. ಗಾಯನಕ್ಕೆ ಹೆಸರಾಗಿದ್ದ ಎ.ವಿ. ವರದಾಚಾರ್ಯರ (1869–1926) ರತ್ನಾವಳಿ ಕಂಪನಿಯನ್ನು ನೋಡಿದ ತಲೆಮಾರಿಗೆ, ಹಾಡಿಲ್ಲದ ನಾಟಕ ಉಪ್ಪಿಲ್ಲದ ಊಟ.

ಹಾಡುಗಾರಿಕೆಯೇ ಅರ್ಥವಾದಾಗ

ನಿಜವಾಗಿ ನೋಡಿದರೆ ರಾಗ ಮತ್ತು ಮಾತು ಶತ್ರುಗಳಲ್ಲ. ವೆರ್ದಿಯ ‘ರಿಗೊಲೆಟ್ಟೊ’ (1851) ಆಪೆರಾದಲ್ಲಿ, ಹೆಣ್ಣಿನ ಮನಸ್ಸು ಚಂಚಲ ಎಂದು ಡ್ಯೂಕ್ ಒಬ್ಬ ಹಾಡುವ ಹಾಡಿದೆ. ಬೀದಿಯಲ್ಲಿ ಶಿಳ್ಳೆ ಹೊಡೆಯುವಷ್ಟು ಸುಲಭದ ಧಾಟಿ. ಕೊನೆಯ ಅಂಕದಲ್ಲಿ ರಿಗೊಲೆಟ್ಟೊ ತನ್ನ ವೈರಿ ಡ್ಯೂಕ್‌ನನ್ನು ಕೊಲ್ಲಿಸಿದೆನೆಂದು ಹೆಣದ ಚೀಲದ ಮುಂದೆ ಬೀಗುತ್ತಿರುವಾಗ, ದೂರದಿಂದ ಅದೇ ಹಾಡು ತೇಲಿ ಬರುತ್ತದೆ. ವೈರಿ ಬದುಕಿದ್ದಾನೆ, ಹಾಗಾದರೆ ಚೀಲದಲ್ಲಿರುವುದು ಯಾರು? ಅವನ ಮಗಳು. ಆ ಗಳಿಗೆಯಲ್ಲಿ ಹಾಡನ್ನು ಹಗುರವಾಗಿ, ನಿಶ್ಚಿಂತೆಯಿಂದ ಹಾಡಿದಷ್ಟೂ ತಂದೆಯ ಎದೆಗೆ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯಕ ದುಃಖ ತೋರಿಸಿದರೆ ದುಃಖವೇ ಕೆಟ್ಟುಹೋಗುತ್ತದೆ.

ಇನ್ನೊಂದು ಉದಾಹರಣೆ ಪುಚ್ಚೀನಿಯ ‘ತುರಾಂದೊತ್’ (1926) ಆಪೆರಾದ ‘ನೆಸ್ಸುನ್ ದೋರ್ಮಾ’. 1990ರ ವಿಶ್ವಕಪ್ ಫುಟ್‌ಬಾಲಿನ ಸಮಯದಲ್ಲಿ ಲೂಚಿಯಾನೊ ಪವರೊತ್ತಿಯ ಕಂಠದಲ್ಲಿ ಇದು ಜಗತ್ತಿಗೆಲ್ಲ ಹಬ್ಬಿತು. ಕಛೇರಿಯಲ್ಲಿ ಕೇಳಿದವರಿಗೆ ಅದು ವಿಜಯಗೀತೆ. ನಾಟಕದೊಳಗೆ ಅದು ನಡುರಾತ್ರಿಯ ಹಾಡು. ರಾಜಕುಮಾರನ ಹೆಸರು ಬೆಳಗಾಗುವುದರೊಳಗೆ ಪತ್ತೆಯಾಗದಿದ್ದರೆ ಊರಿಗೇ ಮರಣದಂಡನೆ, ದೂರದಲ್ಲಿ ಹೆಂಗಸರು ಹಾಗೆಂದು ಹಲುಬುತ್ತಿರುತ್ತಾರೆ. ಗಾಯಕರು ಎಳೆದು ನಿಲ್ಲಿಸುವ ತುದಿಸ್ವರ ಪುಚ್ಚೀನಿ ಬರೆದ ಸ್ವರಲಿಪಿಯಲ್ಲಿ ಬಲು ಚಿಕ್ಕದು. ಆಪೆರಾದಲ್ಲಿ ಆ ಹಾಡಿಗೆ ಚಪ್ಪಾಳೆಯ ನಿಲುಗಡೆಯೂ ಇಲ್ಲ. ಸಂಗೀತ ನೇರವಾಗಿ ಮುಂದಿನ ದೃಶ್ಯಕ್ಕೆ ಹರಿಯುತ್ತದೆ. ನಾಟಕದಿಂದ ಕಿತ್ತು ತಂದ ಹಾಡು ಬೇರೆಯೇ ಹಾಡಾಗುತ್ತದೆ.

ಕನ್ನಡದಲ್ಲಿ ಈ ಮಾತಿಗೆ ಒಳ್ಳೆಯ ನಿದರ್ಶನ ಏಣಗಿ ಬಾಳಪ್ಪನವರದು (1914–2017). ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನಾಗಿ ಅವರು ವಚನಗಳನ್ನು ಹಾಡುತ್ತಿದ್ದರು. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಅದರ ಲಯ ಮಾತಿನ ಲಯ. ಅದನ್ನು ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಾಳ ಹೇಳಿಕೊಡದು, ಅರ್ಥ ಹೇಳಿಕೊಡಬೇಕು. ತಪ್ಪಾದ ಕಡೆ ಉಸಿರು ಬಿದ್ದರೆ ಅನುಭಾವ ಹೋಗಿ ಬರಿಯ ಧಾಟಿ ಉಳಿಯುತ್ತದೆ.

ರಂಗದ ಈ ಶಾಲೆಯಿಂದ ಸಂಗೀತಕ್ಕೂ ಲಾಭವಾಯಿತು. ಕುಂದಗೋಳದ ಸವಾಯಿ ಗಂಧರ್ವರು (1886–1952) ಅಬ್ದುಲ್ ಕರೀಂ ಖಾನರ ಶಿಷ್ಯರಾಗಿದ್ದೂ ನಾಟಕದಲ್ಲಿ ಸ್ತ್ರೀಪಾತ್ರಗಳನ್ನು ಹಾಡಿ ಆಡಿದರು. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ಎಳೆಯ ವಯಸ್ಸಿನಲ್ಲಿ ವಾಮನರಾವ್ ಮಾಸ್ತರ ನಾಟಕ ಕಂಪನಿಯಲ್ಲಿದ್ದವರು. ಗದಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳ ಅನ್ನ, ವಿದ್ಯೆಗಾಗಿ ನಾಟಕ ಕಂಪನಿಯನ್ನೇ ನಡೆಸಿದರು.

ಮೈಕು ಬಂದ ಮೇಲೆ

ಧ್ವನಿವರ್ಧಕ ಬಂದಾಗ ನಟರು ಮೇಲಿನಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದು ನಿಂತು ಹಾಡುವುದನ್ನು ಕಲಿತರು. ಕೊನೆಯ ಸಾಲಿಗೆ ಮುಟ್ಟಿಸುವ ಹೊಣೆ ಯಂತ್ರದ್ದಾಯಿತು. ಇದರಿಂದ ಮೆಲುದನಿಗೂ ರಂಗದಲ್ಲಿ ಜಾಗ ಸಿಕ್ಕಿತು, ಪಿಸುಮಾತೂ ಹಾಡಾಗಬಹುದಾಯಿತು. ಗುಬ್ಬಿ ಕಂಪನಿಯಲ್ಲಿ ಬಾಲಕನಾಗಿ ಸೇರಿ ಮುಂದೆ ಹೊಸ ರಂಗಸಂಗೀತವನ್ನು ಕಟ್ಟಿದ ಬಿ.ವಿ. ಕಾರಂತರು (1929–2002) ರಂಗಗೀತೆಯನ್ನು ರಾಗಪ್ರದರ್ಶನದಿಂದ ಬಿಡಿಸಿ ದೃಶ್ಯದ ಕೆಲಸಕ್ಕೆ ಹಚ್ಚಿದರು.

ಆದರೆ ಇಂದು ಹಳೆಯ ರಂಗಗೀತೆಗಳು ಹೆಚ್ಚಾಗಿ ಕೇಳುವುದು ನಾಟಕದಲ್ಲಲ್ಲ, ಸಮಾರಂಭಗಳ ವೇದಿಕೆಯಲ್ಲಿ. ಅಲ್ಲಿ ಸುಡುಗಾಡೂ ಇಲ್ಲ, ಸತ್ತ ಮಗನೂ ಇಲ್ಲ. ಪದ್ಯದ ಹಿಂದಿನ ಮಾತಿಲ್ಲ, ಮುಂದಿನ ಮೌನವಿಲ್ಲ. ಮೈಕು ಇದ್ದರೂ ಏರುಶ್ರುತಿ ಮಾತ್ರ ಉಳಿದಿದೆ, ಏಕೆಂದರೆ ಚಪ್ಪಾಳೆ ಬರುವುದು ಅದಕ್ಕೆ. ಹಿಂದೆ ಆ ಎತ್ತರ ಅಗತ್ಯವಾಗಿತ್ತು, ಈಗ ಅಲಂಕಾರವಾಗಿದೆ.

ಊರ ಜಾತ್ರೆಯಲ್ಲಿ ಪೌರಾಣಿಕ ನಾಟಕ ಕಲಿಸುವ ಮಾಸ್ತರರು ಇನ್ನೂ ಇದ್ದಾರೆ. ರೈತನೋ, ಶಾಲಾ ಮಾಸ್ತರನೋ ತಿಂಗಳುಗಟ್ಟಲೆ ರಾತ್ರಿ ಕೂತು ಪದ್ಯ ಕಲಿಯುತ್ತಾನೆ. ಅಂಥ ತಾಲೀಮಿನಲ್ಲಿ ಶ್ರುತಿ ಹಿಡಿಯುವ ಮೊದಲು ಪದ್ಯವನ್ನು ಒಮ್ಮೆ ಬರೀ ಮಾತಾಗಿ ಓದಿಸಿ, ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆಂದು ಕೇಳಿದರೆ ಸಾಕು. ಉಸಿರು ಎಲ್ಲಿ ನಿಲ್ಲಬೇಕೆಂಬುದು ತಾನೇ ತಿಳಿಯುತ್ತದೆ. ಸ್ವರವನ್ನು ಕೊನೆಯ ಸಾಲಿಗೆ ಮುಟ್ಟಿಸಲು ಈಗ ಯಂತ್ರವಿದೆ. ಮಾತನ್ನು ಮುಟ್ಟಿಸಲು ಹಾಡುವವನೇ ಬೇಕು.